ಅಮಿಗಾ 500ಕ್ಕೆ ಮನೆಯಲ್ಲೇ ಮಾಡಿದ 14 ಮೆಗಾಹರ್ಟ್ಜ್ ಬೋರ್ಡು: ಶ್ರುತಿ ಸರಿಯಿದೆ, ತಾಳ ಎರಡು ಪಟ್ಟು ಓಡುತ್ತಿದೆ

ಲೀಡ್ಸ್‌ನಲ್ಲಿ ಹಾಸನದವ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದವನು ನಾನು. ಈಗ ತಲೆ ಕೆಟ್ಟು ಮೊದಲ ಸಲ ಬರೆಯುತ್ತಿದ್ದೇನೆ.

ಊರು ಹಾಸನ, ಇರುವುದು ಇಂಗ್ಲೆಂಡಿನ ಲೀಡ್ಸ್. ಇಲ್ಲಿ ಭಾನುವಾರ ಬೆಳಿಗ್ಗೆ ಜನ ಮೈದಾನಕ್ಕೆ ಬಂದು ಕಾರಿನ ಡಿಕ್ಕಿ ತೆರೆದು ಮನೆಯ ಹಳೇ ಸಾಮಾನು ಮಾರುತ್ತಾರೆ. ಹೋದ ವರ್ಷ ಅಲ್ಲಿ ಒಂದು ಅಮಿಗಾ 500, ಅಂದರೆ ಎಂಬತ್ತರ ದಶಕದ ಮನೆ ಕಂಪ್ಯೂಟರ್, ಸಿಕ್ಕಿತು. ಹಳದಿ ತಿರುಗಿದೆ, ಆದರೆ ಕೀಲಿಮಣೆ, ಫ್ಲಾಪಿ ಎಲ್ಲ ಸರಿ. ಯಂತ್ರವನ್ನು ಎಬ್ಬಿಸುವ ತಂತ್ರಾಂಶ ಕಿಕ್‌ಸ್ಟಾರ್ಟ್ 1.3, ಹೊಟ್ಟೆಯ ಕೆಳಗಿನ ಬಾಗಿಲಲ್ಲಿ 512 ಕೆಬಿ ಹೆಚ್ಚುವರಿ ರ‍್ಯಾಮ್ ಕೂಡ ಇತ್ತು. ಒಟ್ಟು 1 ಎಂಬಿ.

ಇದರ ಪ್ರೊಸೆಸರ್ ಮೊಟೊರೊಲಾ 68000, ಇಲ್ಲಿನ ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ 7.09 ಮೆಗಾಹರ್ಟ್ಜ್. ಅದನ್ನು ದುಪ್ಪಟ್ಟು ಮಾಡೋಣ ಅಂತ ಹುಚ್ಚು ಹಿಡಿಯಿತು. ರೆಡಿ ಬೋರ್ಡು ಕೊಳ್ಳಬಹುದಿತ್ತು, ಆದರೆ ಮಜಾ ಇರೋದು ಮಾಡೋದರಲ್ಲಿ ಅಲ್ವಾ. ಹಳೆಯ ಒಂದು ನಕ್ಷೆ ನೋಡಿಕೊಂಡು ತೂತಿನ ಬೋರ್ಡಿನ ಮೇಲೆ ಕಟ್ಟಿದೆ. 16 ಮೆಗಾಹರ್ಟ್ಜ್‌ನ 68ಎಚ್‌ಸಿ000, 64 ಕಾಲಿನದು. 14 ಮೆಗಾಹರ್ಟ್ಜ್ ಬರಲು ಯಂತ್ರದ 7 ಮೆಗಾಹರ್ಟ್ಜ್ ಕ್ಲಾಕನ್ನೂ (ಚಿಪ್ಪುಗಳಿಗೆ ಗತಿ ಹಾಕುವ ಬಡಿತ) ಸಿಡಿಎಸಿ ಅನ್ನುವ ಇನ್ನೊಂದು ಕ್ಲಾಕನ್ನೂ 74ಎಫ್86 ಎಕ್ಸಾರ್ ಚಿಪ್ಪಿಗೆ ಕೊಟ್ಟೆ. ಎರಡೂ ಒಂದೇ ವೇಗ, ಒಂದು ಇನ್ನೊಂದಕ್ಕಿಂತ ಕಾಲು ಸುತ್ತು ಆಚೀಚೆ, ಹಾಗಾಗಿ ಎಕ್ಸಾರ್ ಮಾಡಿದರೆ ದುಪ್ಪಟ್ಟು ಬರುತ್ತದೆ. ಸಿಪಿಯು ಸಾಕೆಟ್‌ನಲ್ಲಿ ಸಿಡಿಎಸಿ ಇಲ್ಲದ್ದರಿಂದ ಪಕ್ಕದ 86 ಕಾಲಿನ ಕನೆಕ್ಟರ್‌ನಿಂದ ಒಂದು ವೈರು ಎಳೆದಿದ್ದೇನೆ. ಒಂದು 74ಎಫ್74 ಇದೆ, ಎಎಸ್ (ವಿಳಾಸ ಕೊಟ್ಟೆ ಅನ್ನುವುದು) ಮತ್ತು ಡಿಟ್ಯಾಕ್ (ಡೇಟಾ ಮುಟ್ಟಿತು ಅನ್ನುವುದು) ಸಿಗ್ನಲ್‌ಗಳನ್ನು ಮದರ್‌ಬೋರ್ಡಿನ ಗತಿಗೆ ಹೊಂದಿಸೋಕೆ. 7 ಅಥವಾ 14 ಆರಿಸಲು ಒಂದು ಸ್ವಿಚ್ಚು. ಉಳಿದ ಕಾಲುಗಳೆಲ್ಲ ನೇರವಾಗಿ ಸಾಕೆಟ್‌ಗೆ.

ಮೊದಲ ಸಲ ಆನ್ ಮಾಡಿದಾಗಲೇ ಕಿಕ್‌ಸ್ಟಾರ್ಟ್‌ನ ಡಿಸ್ಕು ಹಿಡಿದ ಕೈಯ ಚಿತ್ರ ಕಾಣಿಸಿತು. ರಾತ್ರಿ ಒಂದು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು "ಇದು ಮೊದಲೂ ಬರ್ತಿತ್ತಲ್ಲ" ಅಂದಳು.

ಸಮಸ್ಯೆ ಈಗ ಶುರು.

ಒಂದು, 14ರಲ್ಲಿ ಫ್ಲಾಪಿ ಟಕಟಕ ಅಂತ ವಿಚಿತ್ರ ಸದ್ದು ಮಾಡುತ್ತದೆ, ನಾಲ್ಕಕ್ಕೆ ಮೂರು ಸಲ ರೀಡ್ ಎರರ್. 7ಕ್ಕೆ ತಂದರೆ ಅದೇ ಡಿಸ್ಕು ಸಲೀಸಾಗಿ ಓದುತ್ತದೆ. ಎರಡು, ಪ್ರೊಟ್ರ್ಯಾಕರ್ ಅನ್ನುವ ಹಾಡು ಕಟ್ಟುವ ಪ್ರೋಗ್ರಾಂನಲ್ಲಿ ಮಾಡಿದ ಕೆಲವು ಹಾಡುಗಳು ಎರಡು ಪಟ್ಟು ವೇಗದಲ್ಲಿ ಓಡುತ್ತವೆ. ಸ್ವರ ಮೇಲೆ ಹೋಗುವುದಿಲ್ಲ, ಶ್ರುತಿ ಇದ್ದ ಹಾಗೇ ಇದೆ, ತಾಳ ಮಾತ್ರ ದುಪ್ಪಟ್ಟು. ಇನ್ನು ಕೆಲವು ಹಳೆಯ ಹಾಡುಗಳು ಸರಿಯಾಗೇ ಬರುತ್ತವೆ. ಮೂರನೆಯದೇ ಜಾಸ್ತಿ ಬೇಜಾರು: ಇಷ್ಟೆಲ್ಲ ಮಾಡಿದರೂ ವೇಗ ಎಲ್ಲಿ? ನಾನೇ ಬರೆದ ಮ್ಯಾಂಡೆಲ್‌ಬ್ರಾಟ್ ಚಿತ್ರದ ಪ್ರೋಗ್ರಾಂ 61 ಸೆಕೆಂಡಿನಿಂದ 38ಕ್ಕೆ ಇಳಿಯಿತು, ಅದು ಪರವಾಗಿಲ್ಲ. ಆದರೆ ವಿಂಡೋ ಎಳೆಯುವುದು, ಡೈರೆಕ್ಟರಿ ಪಟ್ಟಿ, ಪಠ್ಯ ಸ್ಕ್ರಾಲ್ ಮಾಡುವುದು ಇವೆಲ್ಲ ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿಲ್ಲ. ಕ್ಲಾಕು ದುಪ್ಪಟ್ಟು ಆದರೆ ಯಂತ್ರವೂ ದುಪ್ಪಟ್ಟು ಆಗಬೇಕಿತ್ತಲ್ಲವೇ? ರ‍್ಯಾಮ್ ಸಾಲದು ಅನ್ನುವ ಹಾಗೂ ಇಲ್ಲ, ಆ 512 ಕೆಬಿ, ಪ್ರೊಸೆಸರ್ ಯಾರಿಗೂ ಕಾಯದೆ ಬಳಸುವ ಫಾಸ್ಟ್ ರ‍್ಯಾಮ್ ಇದೆ.

ಬೆಸುಗೆ ಎರಡು ಸಲ ನೋಡಿದ್ದೇನೆ. ಆಸಿಲೋಸ್ಕೋಪ್ ಇದೆ, ಅಗ್ಗದ್ದು. ಎಲ್ಲಿ ಅಳೆಯಬೇಕು ಹೇಳಿ, ಅಳೆದು ಹಾಕುತ್ತೇನೆ.

ಹಳೇ ಫ್ಲಾಪಿ:

ಗುರು, ಯಾಕೆ ಇಷ್ಟು ಕಷ್ಟ? ಪೈಸ್ಟಾರ್ಮ್ ಹಾಕು. ಅದೇ 64 ಕಾಲಿನ ಸಾಕೆಟ್‌ಗೆ ಕೂರುತ್ತದೆ, ಮೇಲೆ ಒಂದು ರಾಸ್ಪ್‌ಬೆರಿ ಪೈ 3ಎ+, ನಡುವೆ ಒಂದು ಸಣ್ಣ ಸಿಪಿಎಲ್‌ಡಿ (ಬೇಕಾದ ತರ್ಕ ತುಂಬಿಸಬಹುದಾದ ಚಿಪ್ಪು) ಮತ್ತು ನಾಲ್ಕಾರು ಲ್ಯಾಚುಗಳು, ಅಷ್ಟೇ. ನಕ್ಷೆ ಎಲ್ಲರಿಗೂ ತೆರೆದಿದೆ, ಮನೆಯಲ್ಲೇ ಬೆಸುಗೆ ಹಾಕಬಹುದು, ನಾನೇ ಹಾಕಿದ್ದೇನೆ. ಮೊದಮೊದಲು ಪೈ ಮೇಲೆ ಲಿನಕ್ಸ್ ಏಳುವ ತನಕ ಕಾಯಬೇಕಿತ್ತು. ಈಗ ಎಮು68 ಅಂತ ಇದೆ, ಲಿನಕ್ಸೇ ಇಲ್ಲದೆ ನೇರವಾಗಿ ಪೈ ಮೇಲೆ ಓಡಿ 68000ದ ಆದೇಶಗಳನ್ನು ಆಗಿಂದಾಗಲೇ ಆರ್ಮ್ ಆದೇಶಗಳಿಗೆ ತಿರುಗಿಸುತ್ತದೆ. ವೇಗ ಅಳೆಯುವ ಸಿಸ್‌ಇನ್ಫೊ ತೋರಿಸುವ ಅಂಕಿ ನೋಡಿದರೆ ನಗು ಬರುತ್ತದೆ. ಹಾರ್ಡ್ ಡಿಸ್ಕು, ರ‍್ಯಾಮು ಎಲ್ಲ ಅದರಲ್ಲೇ ಬಂತು.

ನಿನ್ನ ತಾಳದ ಸಮಸ್ಯೆ ನನಗೆ ಗೊತ್ತಿಲ್ಲ, ಬೆಸುಗೆಮನೆ ಸರ್ ಬರ್ತಾರೆ ನೋಡು.

ಬೆಸುಗೆಮನೆ:

ಬಂದೆ. ಹಾಸನದವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಶ್ರುತಿ ಸರಿ, ತಾಳ ದುಪ್ಪಟ್ಟು ಅಂದಿರಲ್ಲ, ಅದನ್ನು ಓದಿದ ಕೂಡಲೇ ಬೋರ್ಡಿನ ಫೋಟೋ ಕೂಡ ಬೇಡ ಅನಿಸಿತು.

ಅಮಿಗಾದಲ್ಲಿ ಸ್ವರ ಹೊರಡಿಸುವುದು ಪೌಲಾ ಚಿಪ್ಪು. ಅದರ ಕ್ಲಾಕನ್ನು ನೀವು ಮುಟ್ಟಿಲ್ಲ, ಹಾಗಾಗಿ ಶ್ರುತಿ ಅಲುಗಿಲ್ಲ. ತಾಳ ಹಾಕುವವರು ಬೇರೆ. ಹಳೆಯ ಹಾಡುಗಳು ಪರದೆಯ ಸೆಕೆಂಡಿಗೆ 50 ಸಲದ ಬಡಿತಕ್ಕೆ ಹೆಜ್ಜೆ ಹಾಕುತ್ತವೆ, ಅದೂ ನಿಮ್ಮಿಂದ ಬದಲಾಗಿಲ್ಲ. ಪ್ರೊಟ್ರ್ಯಾಕರ್‌ನಲ್ಲಿ ತಾಳವನ್ನು ಬೇಕಾದ ಹಾಗೆ ಇಟ್ಟುಕೊಳ್ಳಬಹುದಲ್ಲ, ಅಂಥ ಹಾಡುಗಳು ಸಿಐಎ ಚಿಪ್ಪಿನ ಟೈಮರ್ ನೋಡಿಕೊಂಡು ನಡೆಯುತ್ತವೆ. ಸಿಐಎ ಅಂದರೆ ಆ ಎರಡು 8520ಗಳು. ಅವುಗಳ ಟೈಮರ್ ಎಣಿಸುವುದು ಇ ಕ್ಲಾಕನ್ನು. ಇ ಕ್ಲಾಕು ಹುಟ್ಟುವುದು ಎಲ್ಲಿ? 68000ದ ಒಳಗೇ, 20ನೇ ಕಾಲಿನಲ್ಲಿ. ಪ್ರೊಸೆಸರ್ ತನ್ನ ಕ್ಲಾಕನ್ನು ಹತ್ತರಿಂದ ಭಾಗಿಸಿ ಹೊರಗೆ ಕೊಡುತ್ತದೆ, ಆರು ಕ್ಲಾಕು ಕೆಳಗೆ, ನಾಲ್ಕು ಕ್ಲಾಕು ಮೇಲೆ. 7.09ರಲ್ಲಿ ಅದು 709 ಕಿಲೋಹರ್ಟ್ಜ್. ನೀವು 14.18 ಕೊಟ್ಟಿರಿ, ಅದು 1.4 ಮೆಗಾಹರ್ಟ್ಜ್ ಆಯಿತು. "ಉಳಿದ ಕಾಲುಗಳೆಲ್ಲ ನೇರ" ಅಂದಿರಲ್ಲ, ತಪ್ಪಾಗಿದ್ದು ಅಲ್ಲೇ.

ಫ್ಲಾಪಿಯ ಟಕಟಕವೂ ಇದೇ. ತಲೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೆಜ್ಜೆ ಇಡುವಾಗ ನಡುವೆ 3 ಮಿಲಿಸೆಕೆಂಡ್ ಬಿಡುವು ಬೇಕು. ಆ ಬಿಡುವನ್ನು ಅಳೆಯುವುದು ಅದೇ ಸಿಐಎ ಟೈಮರ್. ಈಗ ಒಂದೂವರೆ ಮಿಲಿಸೆಕೆಂಡಿಗೇ ಹೊತ್ತಾಯಿತು ಅಂತ ತಳ್ಳುತ್ತಿದೆ, ಪಾಪ ಡ್ರೈವು ಎಡವುತ್ತಿದೆ. ಹೀಗೇ ಜಾಸ್ತಿ ದಿನ ಓಡಿಸಬೇಡಿ. ಬರೆಯುವ ಡಿಸ್ಕನ್ನಂತೂ ಹಾಕಲೇಬೇಡಿ.

ಸರಿಪಡಿಸುವುದು ಹೀಗೆ. ನಿಮ್ಮ ಪ್ರೊಸೆಸರಿನ 20ನೇ ಕಾಲು ಸಾಕೆಟ್‌ಗೆ ಹೋಗಬಾರದು, ಕತ್ತರಿಸಿ. 19ನೇ ಕಾಲು ವಿಎಂಎ, ನಿಧಾನದ ಚಿಪ್ಪಿಗೆ ವಿಳಾಸ ಸರಿಯಿದೆ ಅನ್ನುವ ಸಿಗ್ನಲ್, ಅದೂ ಹೋಗಬಾರದು. ಮದರ್‌ಬೋರ್ಡಿನ 7 ಮೆಗಾಹರ್ಟ್ಜನ್ನು ಹತ್ತರಿಂದ ಭಾಗಿಸಿ ನೀವೇ ಇ ಕ್ಲಾಕು ಹುಟ್ಟಿಸಿ ಸಾಕೆಟ್‌ಗೆ ಕೊಡಿ. ಸಿಐಎ ವಿಳಾಸ ಬಂದಾಗ ಮದರ್‌ಬೋರ್ಡಿನ ಗ್ಯಾರಿ ಚಿಪ್ಪು ವಿಪಿಎ ಗೆರೆ ಎಳೆದು ಇದು ನಿಧಾನದ ಚಿಪ್ಪು ಅನ್ನುತ್ತದೆ. ಆಗ ನಿಮ್ಮ ಸರ್ಕ್ಯೂಟು ಇ ಕ್ಲಾಕಿನ ಸರಿಯಾದ ಹೊತ್ತು ನೋಡಿ ವಿಎಂಎ ಕೊಡಬೇಕು, ಇ ಬಿದ್ದ ಹೊತ್ತಿಗೆ ಪ್ರೊಸೆಸರಿಗೆ ಡಿಟ್ಯಾಕ್ ಕೊಟ್ಟು ಕೆಲಸ ಮುಗಿಯಿತು ಅನ್ನಬೇಕು. ಪ್ರೊಸೆಸರಿಗೆ ಅದು ಸಾದಾ ಮೆಮೊರಿ ಓದಿದ ಹಾಗೆ ಕಾಣುತ್ತದೆ. ಒಂದೇ ಒಂದು ಎಚ್ಚರ: ಇಂಟರಪ್ಟ್ ಒಪ್ಪಿಕೊಳ್ಳುವಾಗ, ಅಂದರೆ ಪ್ರೊಸೆಸರ್ ಏನು ಮಾಡುತ್ತಿದೆ ಅಂತ ತೋರಿಸುವ ಎಫ್‌ಸಿ ಮೂರೂ ಗೆರೆ ಮೇಲಿದ್ದಾಗ, ವಿಪಿಎ ಪ್ರೊಸೆಸರಿಗೆ ಮುಟ್ಟಲೇಬೇಕು. ಅದನ್ನು ಮರೆತರೆ ಮೊದಲ ಇಂಟರಪ್ಟಿಗೇ ಯಂತ್ರ ಮಲಗುತ್ತದೆ. ನಾನು ಮರೆತಿದ್ದೆ, ಎರಡು ವಾರ ಹೋಯಿತು.

ಇಷ್ಟಕ್ಕೆ ಒಂದು ಗ್ಯಾಲ್ 22ವಿ10, ತರ್ಕ ತುಂಬಿಸುವ ಸಣ್ಣ ಚಿಪ್ಪು, ಸಾಕು. ಇದು ಹೊಸ ವಿಷಯವೇನೂ ಅಲ್ಲ, 68000 ಬಂದದ್ದು 1979ರಲ್ಲಿ, ಆಗ ಅದರ ಜೊತೆಗೆ ಕೂರುವ ಚಿಪ್ಪುಗಳು ಬಹಳ ಇರಲಿಲ್ಲ. ಹಳೆಯ 6800 ಕುಟುಂಬದ ನಿಧಾನದ ಚಿಪ್ಪುಗಳನ್ನೇ ಬಳಸಲಿ ಅಂತ ಈ ಇ, ವಿಪಿಎ, ವಿಎಂಎ ಇಟ್ಟರು. ಮನೆಯಲ್ಲಿ ಬೋರ್ಡು ಕಟ್ಟುವವರು ಈಗಲೂ ಮೊದಲು ಎಡವುವುದು ಅಲ್ಲೇ.

ಇನ್ನು ನಿಮ್ಮ ಮೂರನೇ ಪ್ರಶ್ನೆ, ವೇಗ ಎಲ್ಲಿ ಅಂತ.

ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನೀವು ಎಷ್ಟು ಬೇಗ ಉಂಡರೂ ಸಾರು ಬಡಿಸುವವನು ಅವನ ಗತಿಯಲ್ಲೇ ಬರುತ್ತಾನೆ. ನಿಮ್ಮ ಪ್ರೊಸೆಸರ್ ಈಗ ಬೇಗ ಬೇಗ ಉಂಡು ಎಲೆ ಖಾಲಿ ಇಟ್ಟುಕೊಂಡು ಕೂತಿದೆ. 68000 ಒಂದು ಸಲ ಮೆಮೊರಿಗೆ ಹೋಗಿಬರಲು ಕನಿಷ್ಠ 4 ಕ್ಲಾಕು ಬೇಕು. ಏನೂ ಮಾಡದ ಎನ್‌ಒಪಿ ಆದೇಶಕ್ಕೂ 4 ಕ್ಲಾಕು, ಯಾಕೆಂದರೆ ಮುಂದಿನ ಆದೇಶ ತರಬೇಕಲ್ಲ. ಸಣ್ಣ ಆದೇಶಗಳಲ್ಲಿ ಹೊತ್ತೆಲ್ಲ ಹೋಗುವುದು ಹೀಗೆ ತರುವುದಕ್ಕೇ. ಮದರ್‌ಬೋರ್ಡಿನ ಮೆಮೊರಿಗೆ ಹೋದರೆ ಆ ಸುತ್ತು 7 ಮೆಗಾಹರ್ಟ್ಜ್ ಲೆಕ್ಕದಲ್ಲೇ, ಸುಮಾರು 564 ನ್ಯಾನೋಸೆಕೆಂಡು. ನಿಮ್ಮ ಕಡೆ 14 ಇದ್ದರೂ ಅಷ್ಟೇ, 140 ಇದ್ದರೂ ಅಷ್ಟೇ. ಒಂದು ಸಲಕ್ಕೆ 2 ಬೈಟು ಅಂದರೆ ಸೆಕೆಂಡಿಗೆ ಮೂರೂವರೆ ಎಂಬಿ, ಮುಗಿಯಿತು.

ಹಾಗಾದರೆ ಮ್ಯಾಂಡೆಲ್‌ಬ್ರಾಟ್ ಯಾಕೆ ಚುರುಕಾಯಿತು? ಅದರಲ್ಲಿ ಗುಣಾಕಾರ ತುಂಬಿದೆ. ಒಂದು ಗುಣಾಕಾರಕ್ಕೆ 38ರಿಂದ 70 ಕ್ಲಾಕು. ಅದರಲ್ಲಿ ಮೆಮೊರಿಗೆ ಹೋಗುವುದು 4 ಕ್ಲಾಕು ಮಾತ್ರ, ಉಳಿದದ್ದು ತಲೆಯೊಳಗಿನ ಲೆಕ್ಕ. ಆ ಭಾಗಕ್ಕೆ ನಿಮ್ಮ 14 ಪೂರ್ತಿ ದಕ್ಕಿತು. ವಿಂಡೋ ಎಳೆಯುವುದರಲ್ಲಿ, ಸ್ಕ್ರಾಲ್‌ನಲ್ಲಿ ಲೆಕ್ಕ ಎಲ್ಲಿದೆ, ಬರೀ ಸಾಮಾನು ಸಾಗಿಸುವುದು. ಅದರಲ್ಲೂ ಬಹುಪಾಲು ಬ್ಲಿಟರ್, ಅಂದರೆ ಚಿತ್ರದ ತುಂಡು ಸಾಗಿಸುವ ಬೇರೆ ಸರ್ಕ್ಯೂಟು, ಮಾಡುತ್ತದೆ, ಅದಕ್ಕೂ ನಿಮ್ಮ ಕ್ಲಾಕಿಗೂ ಸಂಬಂಧವೇ ಇಲ್ಲ.

ಬೇಜಾರಾಗಬೇಡಿ, ಆ 512 ಕೆಬಿ ಫಾಸ್ಟ್ ರ‍್ಯಾಮ್ ಅಲ್ಲ. ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚು ಅದನ್ನು ಚಿಪ್ ಅಲ್ಲದ ಮೆಮೊರಿ, ಅಂದರೆ ಚಿತ್ರ ಸದ್ದಿನ ಚಿಪ್ಪುಗಳು ಮುಟ್ಟದ ಮೆಮೊರಿ, ಅಂತ ಎಣಿಸುತ್ತದೆ, ಅದಕ್ಕೇ ಎಲ್ಲರಿಗೂ ಮೋಸ ಆಗುತ್ತದೆ. ಸಿ00000 ವಿಳಾಸದಲ್ಲಿ ಕೂರುವ ಅದನ್ನು ನಡೆಸುವುದು ಆಗ್ನಸ್ ಚಿಪ್ಪೇ. ಪರದೆಗೆ ಚಿತ್ರ ತೆಗೆಯುವಾಗ ಆಗ್ನಸ್ ಬಸ್ಸು (ಮೆಮೊರಿಗೆ ಹೋಗುವ ದಾರಿ) ಹಿಡಿದಿದ್ದರೆ ಆ ಮೆಮೊರಿಗೂ ಪ್ರೊಸೆಸರ್ ಕಾಯಬೇಕು. ಜನ ಅದಕ್ಕೆ ಸ್ಲೋ ರ‍್ಯಾಮ್ ಅಂತಲೇ ಹೆಸರಿಟ್ಟಿದ್ದಾರೆ. ಚಿಪ್ ರ‍್ಯಾಮಿನ ನಿಧಾನ ಅದಕ್ಕಿದೆ, ಆದರೆ ಅದರಲ್ಲಿ ಚಿತ್ರ ಇಡೋಕಾಗಲ್ಲ, ಸದ್ದು ಇಡೋಕಾಗಲ್ಲ. ಎರಡೂ ಕಡೆಯ ನಷ್ಟ.

ಹೌದೋ ಅಲ್ಲವೋ ನೀವೇ ನೋಡಿ. ಆಗ್ನಸ್ ಬಸ್ಸು ಬಿಡದೆ ಹಿಡಿಯುವ ಹೈರೆಸ್ 16 ಬಣ್ಣದ ಪರದೆ ತೆರೆದು ನಿಮ್ಮ ಪ್ರೋಗ್ರಾಂ ಓಡಿಸಿ. ಜೋಲು ಮುಖ ಹಾಕಿಕೊಂಡು ನಿಂತುಬಿಡುತ್ತದೆ.

ಬೇಕಾದದ್ದು ನಿಮ್ಮ ಬೋರ್ಡಿನ ಮೇಲೇ, ಪ್ರೊಸೆಸರಿನ ಪಕ್ಕದಲ್ಲೇ ರ‍್ಯಾಮ್. ಸಾರಿನ ಪಾತ್ರೆ ಎಲೆಯ ಪಕ್ಕದಲ್ಲೇ ಇಟ್ಟ ಹಾಗೆ. 55 ನ್ಯಾನೋಸೆಕೆಂಡಿನ ಎಸ್‌ರ‍್ಯಾಮ್ ಸಾಕು, 14 ಮೆಗಾಹರ್ಟ್ಜ್‌ನಲ್ಲಿ ನಿಮ್ಮ ಒಂದು ಸುತ್ತು 282 ನ್ಯಾನೋಸೆಕೆಂಡು, ಆರಾಮಾಗಿ ಮುಟ್ಟುತ್ತದೆ. 5 ವೋಲ್ಟಿಗೆ ನಡೆಯುವ ಎಎಸ್6ಸಿ4008 ಚಿಪ್ಪು ನೋಡಿ, ಒಂದೊಂದು 512 ಕೆಬಿ, ದೊಡ್ಡ ಕಾಲಿನದ್ದೂ ಬರುತ್ತದೆ, ತೂತಿನ ಬೋರ್ಡಿಗೆ ಹೊಂದುತ್ತದೆ. ನಾಲ್ಕು ಹಾಕಿದರೆ 2 ಎಂಬಿ. 200000 ಹೆಕ್ಸ್ ವಿಳಾಸದಿಂದ 8 ಎಂಬಿ ಜಾಗ ಇದಕ್ಕೆಂದೇ ಇದೆ. ಆಟೋಕಾನ್ಫಿಗ್ ಮಾಡಿದರೆ ಕಿಕ್‌ಸ್ಟಾರ್ಟ್ 1.3 ತಾನೇ ಕಂಡುಹಿಡಿದು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆದರೆ ಅಷ್ಟೆಲ್ಲ ತರ್ಕ ಗ್ಯಾಲ್‌ನಲ್ಲಿ ಹಿಡಿಸುವುದಿಲ್ಲ. ಎಕ್ಸ್‌ಸಿ95144ಎಕ್ಸ್‌ಎಲ್ ಸಿಪಿಎಲ್‌ಡಿ ತೆಗೆದುಕೊಳ್ಳಿ. 9572ಎಕ್ಸ್‌ಎಲ್ ಅಗ್ಗ, ಆದರೆ 44 ಕಾಲಿನದರಲ್ಲಿ ನಿಮಗೆ ಬೇಕಾದಷ್ಟು ಕಾಲುಗಳೇ ಇಲ್ಲ. ಎರಡೂ 3.3 ವೋಲ್ಟಿನ ಚಿಪ್ಪುಗಳಾದರೂ 5 ವೋಲ್ಟಿನ ಸಿಗ್ನಲ್ ತಾಳುತ್ತವೆ.

ಆ ಹೊಟ್ಟೆಯ ಬೋರ್ಡಿನಲ್ಲಿ ಗಡಿಯಾರದ ಬ್ಯಾಟರಿ ಇದೆಯಾ? ಇದ್ದರೆ ಇವತ್ತೇ ಕತ್ತರಿಸಿ ಎಸೆಯಿರಿ. ಸೋರಿ ಸುತ್ತಲಿನ ತಾಮ್ರ ತಿಂದುಬಿಡುತ್ತದೆ.

ಗಾಂಧಿಬಜಾರ್ 6502:

ಚರ್ಚೆ ಓದಿ ಖುಷಿ ಆಯಿತು. ನಾನು ಅಮಿಗಾ ಮುಟ್ಟಿದವಳಲ್ಲ, ಬಿಬಿಸಿ ಮೈಕ್ರೋ ಅನ್ನುವ ಕಂಪ್ಯೂಟರಿನವಳು. 1984ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆ ಶುರುವಾಯಿತಲ್ಲ, ದೇಶದ ಆಯ್ದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕೊಟ್ಟರಲ್ಲ, ನಾನು ಪಾಠ ಮಾಡುತ್ತಿದ್ದ ಶಾಲೆಗೂ ಬಂತು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು. ಮುಂದೆ ಎಸ್‌ಸಿಎಲ್ ಯುನಿಕಾರ್ನ್ ಅನ್ನುವ ಹೆಸರಲ್ಲಿ ಅದೇ ಯಂತ್ರ ನಮ್ಮ ದೇಶದಲ್ಲೂ ತಯಾರಾಯಿತು.

ಹೇಳೋಕೆ ಬಂದದ್ದು ಬೇರೆ. ಬೆಸುಗೆಮನೆಯವರು ಹೇಳಿದ ಪಂಕ್ತಿಯ ತೊಂದರೆಯನ್ನು ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನಿಯವರು 1981ರಲ್ಲೇ ಬೇರೆ ದಾರಿಯಿಂದ ದಾಟಿದ್ದರು. ಬಿಬಿಸಿಯ ಹೊಟ್ಟೆಯ ಕೆಳಗೆ 40 ಕಾಲಿನ ಒಂದು ಕನೆಕ್ಟರ್ ಇದೆ, ಟ್ಯೂಬ್ ಅಂತ ಹೆಸರು. ಅಲ್ಲಿಗೆ ಇನ್ನೊಂದು ಪ್ರೊಸೆಸರನ್ನು ಅದರದೇ ಸ್ವಂತ ರ‍್ಯಾಮಿನ ಜೊತೆ ಸಿಕ್ಕಿಸಬಹುದು. ಮೂಲ ಯಂತ್ರದ 2 ಮೆಗಾಹರ್ಟ್ಜ್ 6502 ಆಗ ಪರದೆ, ಕೀಲಿಮಣೆ, ಡಿಸ್ಕು ಮಾತ್ರ ನೋಡಿಕೊಳ್ಳುತ್ತದೆ. ಲೆಕ್ಕವೆಲ್ಲ ಆಚೆಯ ಪ್ರೊಸೆಸರಿನದು. ಇಬ್ಬರ ನಡುವೆ ಮೆಮೊರಿ ಹಂಚಿಕೆಯೇ ಇಲ್ಲ, ಚೀಟಿ ಬರೆದು ಕಿಂಡಿಯಲ್ಲಿ ಕೊಟ್ಟ ಹಾಗೆ ಸಂದೇಶ ಮಾತ್ರ. ಹಾಗಾಗಿ ಕ್ಲಾಕು ಹೊಂದಿಸುವ ನಿಮ್ಮ ಗೋಳೂ ಇಲ್ಲ. ಆಚೆ ಕಡೆ 3 ಮೆಗಾಹರ್ಟ್ಜ್ 6502 ಇರಲಿ, 6 ಮೆಗಾಹರ್ಟ್ಜ್ ಜ಼ಡ್80 ಇರಲಿ, ಈಚೆಯವನಿಗೆ ಗೊತ್ತಾಗುವುದೇ ಇಲ್ಲ. 1985ರ ಏಪ್ರಿಲ್ 26ರಂದು ಮೊದಲ ಆರ್ಮ್ ಚಿಪ್ಪು ಬಂದಾಗ ಅದನ್ನು ಓಡಿಸಿ ನೋಡಿದ್ದು ಕೂಡ ಬಿಬಿಸಿ ಮೈಕ್ರೋದ ಟ್ಯೂಬಿಗೆ ಸಿಕ್ಕಿಸಿಯೇ. ಈಗ ನಿಮ್ಮೆಲ್ಲರ ಜೇಬಿನಲ್ಲಿರುವುದು ಆ ವಂಶದ್ದೇ.

ನನ್ನ ಹತ್ತಿರ ಈಗಲೂ ಒಂದು ಮಾಡೆಲ್ ಬಿ ಇದೆ. ಅದಕ್ಕೆ ಪೈಟ್ಯೂಬ್‌ಡೈರೆಕ್ಟ್ ಹಾಕಿಕೊಂಡಿದ್ದೇನೆ, ಒಂದು ಪೈ ಜ಼ೀರೋ, 5 ವೋಲ್ಟನ್ನು 3.3ಕ್ಕೆ ಇಳಿಸುವ ಒಂದೆರಡು ಚಿಪ್ಪು. ಮಗ ಬೋರ್ಡು ತಂದುಕೊಟ್ಟ, ಬೆಸುಗೆ ನಾನೇ ಹಾಕಿದೆ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಟ್ಟುಕೊಂಡು. ಬೇಸಿಕ್‌ಗೆ ಜಾಗ ಎಷ್ಟು ಸಿಗುತ್ತದೆ ಗೊತ್ತಾ? ಡಿಸ್ಕು ಇರುವ ಯಂತ್ರದಲ್ಲಿ ಮೋಡ್ 0 ಹಾಕಿದರೆ ಪರದೆಯೇ 20 ಕೆಬಿ ತಿಂದು ಪ್ರೋಗ್ರಾಮಿಗೆ ಆರು ಕೆಬಿಯೂ ಉಳಿಯುವುದಿಲ್ಲ. ಟ್ಯೂಬ್ ಇದ್ದರೆ ಯಾವ ಮೋಡ್ ಆದರೂ 30 ಕೆಬಿ.

ಆದರೆ ಪರದೆಯ ಮೆಮೊರಿಗೆ ನೇರ ಕೈ ಹಾಕುವ ಆಟಗಳು ಟ್ಯೂಬಿನಲ್ಲಿ ಓಡುವುದಿಲ್ಲ. ಕಿಂಡಿಯ ಆಚೆಯಿಂದ ಒಳಮನೆಯ ಗೋಡೆಗೆ ಬಣ್ಣ ಬಳಿಯೋಕಾಗುತ್ತಾ? ಅಷ್ಟು ಬಿಟ್ಟರೆ ಸೊಗಸು.

ಹಳೇ ಫ್ಲಾಪಿ:

ಮೇಡಂ, ನಮಸ್ಕಾರ. ನೋಡಿ, ನೀವೂ ಪೈ ಹಾಕಿದ್ದೀರಿ! ನಾನು ಪೈ ಅಂದಾಗ ಇಲ್ಲಿ ಯಾರೂ ಲೈಕ್ ಒತ್ತಲಿಲ್ಲ.

ಬೆಸುಗೆಮನೆ:

ಫ್ಲಾಪಿ, ಪೈಸ್ಟಾರ್ಮ್ ಕೆಟ್ಟದ್ದು ಅಂತ ಯಾರೂ ಅಂದಿಲ್ಲ ಮಾರಾಯ. ಎತ್ತಿನ ಗಾಡಿಗೆ ಟ್ರ್ಯಾಕ್ಟರ್ ಕಟ್ಟಿದರೆ ಬೇಗ ಹೋಗುತ್ತದೆ, ನಿಜ. ಇವರು ಎತ್ತು ಸಾಕೋಕೆ ಬಂದವರು. ಅಷ್ಟಕ್ಕೂ ನಿನ್ನ ಪೈ ಕೂಡ ಚಿಪ್ ರ‍್ಯಾಮ್ ಮುಟ್ಟಬೇಕಾದರೆ ಅದೇ 7 ಮೆಗಾಹರ್ಟ್ಜ್ ಸಾಲಿನಲ್ಲಿ ನಿಲ್ಲಬೇಕು. ಅದು ಹಾರುವುದು ಪೈಯ ಸ್ವಂತ ರ‍್ಯಾಮ್ ಫಾಸ್ಟ್ ರ‍್ಯಾಮಾಗಿ ಸಿಗುವುದರಿಂದ. ನಡುವೆ ಬೇಕು ಅನ್ನುವವರಿಗೆ ಟೆರಿಬಲ್‌ಫೈರ್ ಬೋರ್ಡುಗಳಿವೆ, ಟಿಎಫ್530, ಟಿಎಫ್534 ಅಂತ. ನಿಜವಾದ 68030, ನಕ್ಷೆ ತೆರೆದಿದೆ. ಆದರೆ ಕಾಲುಗಳು ಸಣ್ಣ, ಮೊದಲ ಬೋರ್ಡಿಗೆ ಅದು ಬೇಡ.

ಎಸ್‌ಪಿ ರೋಡ್ ಸುತ್ತುವವ:

ಲೇಟಾಗಿ ಬಂದೆ. ಹಾಸನದ ಅಣ್ಣ, ಆ 16 ಮೆಗಾಹರ್ಟ್ಜ್ ಚಿಪ್ಪು ಎಲ್ಲಿಂದ ತಂದಿರಿ? ನಾನು ಅಂತರ್ಜಾಲದಲ್ಲಿ ಎರಡು ತರಿಸಿದ್ದೆ, ಎರಡೂ ನಕಲಿ. ಹಳೆಯ 8 ಮೆಗಾಹರ್ಟ್ಜ್ ಚಿಪ್ಪಿನ ತಲೆ ಉಜ್ಜಿ ಕಪ್ಪು ಬಳಿದು ಹೊಸ ಹೆಸರು ಹೊಡೆದಿದ್ದರು. ಮಾರಿದವನು ಯಾರು ಅಂತ ಇಲ್ಲಿ ಬೇಡ. ದುಡ್ಡು ವಾಪಸ್ ಬರಲಿಲ್ಲ, ಅಷ್ಟೇ.

ಗುರುತು ಹಿಡಿಯೋದು ಸುಲಭ. 68ಎಚ್‌ಸಿ000 ಸಿಮಾಸ್, ಹಳೆಯ 68000ದ ಹತ್ತನೇ ಒಂದರಷ್ಟು ಕರೆಂಟು ಮಾತ್ರ ಸಾಕು. ಹತ್ತು ನಿಮಿಷ ಓಡಿಸಿ ಬೆರಳಿಡಿ. ತಣ್ಣಗಿದ್ದರೆ ಸರಿ. ಬಿಸಿ ಬಿಸಿ ಇಡ್ಲಿ ಥರ ಇದ್ದರೆ ಅದು ಹಳೆಯದು, ಹೆಸರು ಏನೇ ಬರೆದಿರಲಿ. ಹತ್ತಿಯಲ್ಲಿ ಸ್ವಲ್ಪ ಅಸಿಟೋನ್ ಹಾಕಿ ತಲೆ ಒರೆಸಿ ನೋಡಿ, ಬಣ್ಣ ಬಿಟ್ಟರೂ ಗೊತ್ತಾಗುತ್ತದೆ.

ಇನ್ನೊಂದು. ಯಂತ್ರ ಓಡುತ್ತಿರುವಾಗ ಪ್ರೊಸೆಸರಿನ ಕಾಲಿನಲ್ಲೇ 5 ವೋಲ್ಟ್ ಅಳೆಯಿರಿ, 14ನೇ ಮತ್ತು 16ನೇ ಕಾಲುಗಳ ನಡುವೆ. ಪವರ್ ಸಪ್ಲೈ ಹತ್ತಿರ ಅಲ್ಲ, ಚಿಪ್ಪಿನ ಕಾಲಲ್ಲಿ. 4.75ಕ್ಕಿಂತ ಕೆಳಗಿದ್ದರೆ ಬೇರೆ ಯಾವ ದೋಷವನ್ನೂ ಹುಡುಕಬೇಡಿ, ಮೊದಲು ಅದನ್ನು ಸರಿಮಾಡಿ. ಪ್ರತಿ ಚಿಪ್ಪಿನ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೀರಾ? ಚಿಕ್ಕಪೇಟೆಯ ಸಂದಿಯಲ್ಲಿ ಹಿಡಿ ತುಂಬ ಸಿಗುತ್ತವೆ, ಲೀಡ್ಸ್‌ನಲ್ಲಿ ಎಷ್ಟೋ ಗೊತ್ತಿಲ್ಲ.

ಲೀಡ್ಸ್‌ನಲ್ಲಿ ಹಾಸನದವ:

ಐದು ವಾರ ಆಯಿತು, ಕ್ಷಮಿಸಿ. ನಡುವೆ ಆಫೀಸಿನ ಕೆಲಸ.

ಸರ್, ನೀವು ಹೇಳಿದ ಹಾಗೆ 20ನೇ ಕಾಲು ಅಳೆದೆ. 1.42 ಮೆಗಾಹರ್ಟ್ಜ್. ಸ್ಕೋಪಿನ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಗ್ಯಾಲ್ ಹಾಕಿ ಇ ಮತ್ತು ವಿಎಂಎ ನಾನೇ ಕೊಟ್ಟೆ. ಎಫ್‌ಸಿ ವಿಷಯ ನೀವು ಹೇಳಿರದಿದ್ದರೆ ನನಗೂ ಎರಡು ವಾರ ಹೋಗುತ್ತಿತ್ತು. ಫ್ಲಾಪಿ ಸದ್ದಿಲ್ಲದೆ ಓದುತ್ತದೆ. ಹಾಡುಗಳೆಲ್ಲ ತಾಳಕ್ಕೆ ಬಂದವು. ಬ್ಯಾಟರಿ ಇತ್ತು, ಸೋರಲು ಶುರುವಾಗಿತ್ತು, ಕತ್ತರಿಸಿದೆ. ಚಿಪ್ಪು ತಣ್ಣಗಿದೆ, ಅಸಲಿ. ವೋಲ್ಟೇಜು 4.91. ಹೈರೆಸ್ 16 ಬಣ್ಣದ ಪರೀಕ್ಷೆಯನ್ನೂ ಮಾಡಿದೆ. ಚಿತ್ರ ಮುಗಿಯೋ ಹೊತ್ತಿಗೆ ಕಾಫಿ ಮಾಡಿ ಕುಡಿದು ಬಂದೆ.

ಈಗ ಎಸ್‌ರ‍್ಯಾಮ್ ಹಾಕಿದ್ದೇನೆ, ನಾಲ್ಕು ಚಿಪ್ಪು, 2 ಎಂಬಿ, 95144. ಆಟೋಕಾನ್ಫಿಗ್ ಸರಿಯಾಗಿದೆ. ನಾನೇ ಬರೆದ ಮೆಮೊರಿ ಪರೀಕ್ಷೆ ರಾತ್ರಿಯಿಡೀ ಓಡಿತು, 16 ಬಿಟ್ಟಿನ ಹಾಗೆ ಬರೆದು ಓದಿ ನೋಡುತ್ತದೆ, ಒಂದೂ ತಪ್ಪಿಲ್ಲ. ಆದರೆ ವರ್ಕ್‌ಬೆಂಚು ಬಂದ ಎರಡು ಸೆಕೆಂಡಿಗೆ ಗುರು ಮೆಡಿಟೇಶನ್, ಅಂದರೆ ಅಮಿಗಾ ಸತ್ತಾಗ ಬರುವ ಸಂದೇಶ. ಪ್ರತಿ ಸಲ. ಮೆಮೊರಿ ಸರಿಯಿದೆ, ಆದರೂ ಸಾಯುತ್ತದೆ ಅಂದರೆ ಏನರ್ಥ?

ಬೆಸುಗೆಮನೆ:

ಮೇಲಿನ ಬೈಟು, ಕೆಳಗಿನ ಬೈಟು ಆರಿಸುವ ಯುಡಿಎಸ್, ಎಲ್‌ಡಿಎಸ್ ಸಿಗ್ನಲ್‌ಗಳು ಅದಲುಬದಲಾಗಿವೆ. 16 ಬಿಟ್ಟು ಒಟ್ಟಿಗೆ ಹೋದಾಗ ಎರಡೂ ಎಳೆಯುತ್ತವೆ, ಹಾಗಾಗಿ ನಿಮ್ಮ ಪರೀಕ್ಷೆಗೆ ಗೊತ್ತಾಗುವುದೇ ಇಲ್ಲ. ಒಂದೊಂದೇ ಬೈಟು ಬರೆದು ಓದಿ ನೋಡಿ.

ಲೀಡ್ಸ್‌ನಲ್ಲಿ ಹಾಸನದವ:

ಹೌದು. ಎರಡು ವೈರು. ಎರಡೇ ಎರಡು ವೈರು ಸರ್. ಕೆಂಪು ವೈರು ಮುಗಿದಿತ್ತು ಅಂತ ಎರಡಕ್ಕೂ ಹಳದಿ ಹಾಕಿದ್ದೆ.

ಬದಲಾಯಿಸಿದೆ, ಬಂತು. ಮ್ಯಾಂಡೆಲ್‌ಬ್ರಾಟ್ ಈಗ 31 ಸೆಕೆಂಡು. ಅದಕ್ಕಿಂತ ಡೈರೆಕ್ಟರಿ ಪಟ್ಟಿ ಮೊದಲ ಸಲ ಕಣ್ಣಿಗೆ ಚುರುಕು ಕಾಣಿಸಿತು. ಹೈರೆಸ್ 16 ಬಣ್ಣದಲ್ಲೂ ಪ್ರೋಗ್ರಾಂ ನಿಲ್ಲದೆ ಓಡುತ್ತದೆ. ಹೆಂಡತಿಗೆ ಹಳೆಯದು ಹೊಸದು ಎರಡೂ ಪಕ್ಕಪಕ್ಕ ವಿಡಿಯೋ ಮಾಡಿ ತೋರಿಸಿದೆ, "ಹ್ಞೂಂ, ಇದು ಬೇಗ ಬಂತು" ಅಂದಳು. ಸಾಕು.

ಒಂದೆರಡು ಆಟಗಳು 14ರಲ್ಲಿ ಆಡೋಕಾಗದಷ್ಟು ಓಡುತ್ತವೆ, ಅವಕ್ಕೆ ಸ್ವಿಚ್ಚು ಇದೆ. ಉಳಿದ ತೊಂದರೆ ಒಂದೇ, ಬೋರ್ಡು ಎತ್ತರವಾಗಿ ಕೀಲಿಮಣೆ ಕೂರುತ್ತಿಲ್ಲ, ಸ್ಪೇಸ್‌ಬಾರ್ ಕಡೆ ಎದ್ದು ನಿಂತಿದೆ. ಸಾಕೆಟ್ ಮೇಲೆ ಸಾಕೆಟ್ ಹಾಕಿದ್ದೇ ಕಾರಣ ಇರಬೇಕು. ನಾಳೆ ಅಳತೆ, ಫೋಟೋ ಹಾಕಿ ಬೇರೆ ಪ್ರಶ್ನೆ ಕೇಳುತ್ತೇನೆ.